ಅಸ್ಥಿಪಾಠದ ಬೇಸಿಗೆ ಶಿಬಿರ

ಗುರುತು ಸಿಕ್ಕದ ಮನುಷ್ಯನ ಅಸ್ಥಿಗಳನ್ನು ಪರೀಕ್ಷಿಸಿ, ಅವನ ಲಿಂಗ, ವಯಸ್ಸು, ಎತ್ತರಗಳನ್ನೂ ಬಿದ್ದ ಪೆಟ್ಟುಗಳನ್ನೂ ನಿರ್ಣಯಿಸಿ ನ್ಯಾಯಾಲಯದ ಮುಂದಿಡುವ ವಿಧಿವಿಜ್ಞಾನ ಮಾನವಶಾಸ್ತ್ರವನ್ನು ಪ್ರೌಢಶಾಲೆಯ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಪರಿಚಯಿಸುವ ಶಿಬಿರಗಳು ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತವೆ. ಈ ಪದ್ಧತಿ ನಮ್ಮಲ್ಲಿಗೂ ಬರುವ ಕಾಲ ದೂರವಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಶಿಕ್ಷೆಯುಳ್ಳ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞನು ಸ್ಥಳಕ್ಕೇ ಬರತಕ್ಕದ್ದೆಂದು ವಿಧಿಸಿ, ಅದಕ್ಕೆ ಸಿದ್ಧವಾಗಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವನ್ನಿತ್ತಿದೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಶಾಖೆ ತಲೆಯೆತ್ತಿದೆ. ಆದಕಾರಣ ಶಿಬಿರದ ಗುಣದೋಷಗಳನ್ನು ಈಗಲೇ ತೂಗಿನೋಡುವುದು ಉಚಿತ.

ಶಿಬಿರದ ಕ್ರಮ ಸರಳವಾದುದು. ಬಯಲಿನಲ್ಲಿ ಪ್ಲಾಸ್ಟಿಕ್ಕಿನ ಅಸ್ಥಿಪಂಜರವೊಂದನ್ನು ಮೊದಲೇ ಹೂತಿಟ್ಟಿರುತ್ತಾರೆ. ಮಕ್ಕಳು ಗೂಟ ನೆಟ್ಟು, ದಾರ ಕಟ್ಟಿ, ನೆಲವನ್ನು ಚೌಕಗಳಾಗಿ ವಿಭಾಗಿಸಿ, ಕರಣೆಯಿಂದ ಪದರಪದರವಾಗಿ ಮಣ್ಣನ್ನು ಕೆರೆದು, ಜರಡಿ ಹಿಡಿದು, ಯಾವ ಎಲುಬನ್ನೂ ಎತ್ತುವ ಮುನ್ನ ಅದು ಬಿದ್ದಿದ್ದ ತಾಣವನ್ನು ನಕ್ಷೆಯಲ್ಲಿ ಗುರುತಿಸಬೇಕು. ಆಮೇಲೆ ಮೇಜಿನ ಪಾಠ. ಸೊಂಟದ ಎಲುಬಿನ ಹಿಂಬದಿಯ ಕೊರಕಲು ಅಗಲವಾಗಿದ್ದರೆ ಹೆಣ್ಣು, ಕಿರಿದಾಗಿದ್ದರೆ ಗಂಡು ಇರಬಹುದು; ಕೊರಳೆಲುಬಿನ ಒಳತುದಿ ಕೂಡಿಕೊಳ್ಳದಿದ್ದರೆ ವ್ಯಕ್ತಿಗೆ ಮೂವತ್ತು ತುಂಬಿರಲಾರದು. ತನ್ನ ಕೊರಳೆಲುಬೇ ಇನ್ನೂ ಕೂಡಿಕೊಳ್ಳದ ಹದಿನಾರರ ಹುಡುಗಿಯೊಬ್ಬಳು ಇದನ್ನು ಕಲಿಯುತ್ತಾಳೆಂಬುದರಲ್ಲಿ ಒಂದು ಸೊಗಸಿದೆ.

ನನಗೆ ಅತ್ಯಂತ ಮೆಚ್ಚಿಕೆಯಾದುದು ಎತ್ತರದ ಲೆಕ್ಕ. ತೊಡೆಮೂಳೆಯ ಉದ್ದವನ್ನು 2.38ರಿಂದ ಗುಣಿಸಿ 61.41ನ್ನು ಕೂಡಿಸತಕ್ಕದ್ದೆಂಬುದು, ಟ್ರಾಟರ್ ಮತ್ತು ಗ್ಲೆಸರ್ ಎಂಬವರು 1952ರಲ್ಲಿ ಪ್ರಕಟಿಸಿದ ಸೂತ್ರಗಳಲ್ಲಿ ಒಂದು. ಮೂಳೆ 45 ಸೆಂಟಿಮೀಟರ್ ಇದ್ದರೆ ಉತ್ತರ 168.5. ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಸೂತ್ರದ ಬಾಲಕ್ಕೆ 3.27 ಸೆಂಟಿಮೀಟರಿನ ಹೆಚ್ಚುಕಡಿಮೆ ಅಂಟಿಕೊಂಡಿದೆ. ಎಂದರೆ 165ರಿಂದ 172ರ ನಡುವೆ ಎಲ್ಲಿಯೋ. ಅದೂ ಮೂವರಲ್ಲಿ ಇಬ್ಬರ ಮಟ್ಟಿಗೆ ಮಾತ್ರ ಸರಿ. ಒಂದೇ ಸರಿಯುತ್ತರಕ್ಕೆ ಪೂರ್ಣಾಂಕ ಕೊಡುವ ಪರೀಕ್ಷೆಗಳಲ್ಲಿ ಬೆಳೆದ ವಿದ್ಯಾರ್ಥಿಗೆ, ತನ್ನ ಉತ್ತರದ ಅನಿಶ್ಚಯವನ್ನೂ ಅಳೆದು ಬರೆಯಬೇಕೆಂಬ ಈ ಶಿಸ್ತು ಬೇರಾವ ತರಗತಿಯಲ್ಲಿ ದೊರಕೀತು? 2025ರ ಶ್ರಾವಣದಲ್ಲಿ, ಶವಗಳನ್ನು ಗುಟ್ಟಾಗಿ ಹೂಳಲಾಗಿದೆಯೆಂಬ ದೂರಿನ ಮೇಲೆ ನೇತ್ರಾವತಿಯ ದಡದಲ್ಲಿ ವಿಶೇಷ ತನಿಖಾ ತಂಡವು ನೆಲವನ್ನು ಅಗೆಯುತ್ತಿದ್ದಾಗ, ಪ್ರಯೋಗಾಲಯದ ವರದಿಗೆ ಕಾಯುವ ತಾಳ್ಮೆಯಿಲ್ಲದೆ ಮನೆಮನೆಯಲ್ಲೂ ಹೊರಬಿದ್ದ ತೀರ್ಪುಗಳನ್ನು ನೆನೆದರೆ, ಆ ಪ್ರಕರಣದ ಸತ್ಯಾಸತ್ಯ ಏನೇ ಇರಲಿ, ಈ ಶಿಸ್ತಿನ ಅಗತ್ಯ ನಮಗೆಷ್ಟಿದೆಯೆಂಬುದು ವೇದ್ಯವಾಗುತ್ತದೆ.

ಇನ್ನು ದೋಷ. ಹೂತಿಟ್ಟ ಕಲ್ಪಿತ ಶವದ ಬಗೆಗೆ ನೂರು ಪ್ರಶ್ನೆ ಕೇಳಿಸುವ ಶಿಬಿರವು, ಮೇಜಿನ ಮೇಲಣ ಅಸ್ಥಿ ಯಾರದೆಂಬ ಪ್ರಶ್ನೆಯನ್ನು ಕೇಳಿಸುವುದು ವಿರಳ. ಬಹುಮಟ್ಟಿಗೆ ಪ್ಲಾಸ್ಟಿಕ್ ಅಚ್ಚುಗಳೇ ಬಳಕೆಯಾದರೂ, ಕಪಾಟಿನಿಂದ ನಿಜವಾದ ಅಸ್ಥಿಯೂ ಹೊರಬರುವುದುಂಟು. ಹಾಗೆ ಬಂದದ್ದು ಹಳೆಯದಾಗಿದ್ದರೆ ಭಾರತದ್ದಾಗಿರುವ ಸಂಭವ ಬಹಳ. 1985ರಲ್ಲಿ ನಮ್ಮ ಸರ್ಕಾರ ನಿಷೇಧಿಸುವವರೆಗೆ, ಕಲ್ಕತ್ತೆಯ ವರ್ತಕರು ವಾರಸುದಾರರಿಲ್ಲದ ಬಡವರ ಅಸ್ಥಿಗಳನ್ನು ತೊಳೆದು, ತಂತಿಯಿಂದ ಜೋಡಿಸಿ, ಜಗತ್ತಿನ ವೈದ್ಯಶಾಲೆಗಳಿಗೆಲ್ಲ ಕಳುಹಿಸುತ್ತಿದ್ದರು. ಆ ಬಡವರಲ್ಲಿ ಒಬ್ಬನಾದರೂ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟೊತ್ತಿದ್ದನೆಂದು ನಂಬುವುದು ಕಷ್ಟ. ಟ್ರಾಟರ್ ಸೂತ್ರಗಳಿಗೂ ಇಂತಹುದೇ ಒಂದು ವಂಶಾವಳಿಯುಂಟು: ಎರಡನೆಯ ಮಹಾಯುದ್ಧದಲ್ಲಿ ಮಡಿದ ಅಮೆರಿಕದ ಸೈನಿಕರ ಜೊತೆಗೆ, ಕೇಳುವವರಿಲ್ಲದೆ ಸತ್ತ ಸೇಂಟ್ ಲೂಯಿಸ್ ಸೀಮೆಯ ಬಡವರೂ ಅವಕ್ಕೆ ಮೂಳೆಗಳನ್ನು ಒದಗಿಸಿದರು. ಗುರುತಿಲ್ಲದವರಿಗೆ ಗುರುತು ಕೊಡುವುದೇ ತನ್ನ ಧರ್ಮವೆನ್ನುವ ಶಾಸ್ತ್ರವು ಇದನ್ನು ಮಕ್ಕಳೆದುರು ಮುಚ್ಚಿಡತಕ್ಕದ್ದಲ್ಲ.

ಎತ್ತರದ ಆ ಸೂತ್ರವನ್ನು ಹಾಗೆಯೇ ತಂದು ಬೀದರ್ ಜಿಲ್ಲೆಯ ನಮ್ಮ ಬಗದಲ್ಲಿನ ರೈತನ ತೊಡೆಮೂಳೆಗೆ ಹಚ್ಚಿದರೆ ಉತ್ತರ ತಪ್ಪೀತು. ದೇಹದ ಪ್ರಮಾಣಗಳು ಜನದಿಂದ ಜನಕ್ಕೆ ಬೇರೆ. ಮಣ್ಣೂ ಬೇರೆ. ಬೀದರಿನ ಪ್ರಸ್ಥಭೂಮಿಯ ಆಮ್ಲಗುಣದ ಕೆಮ್ಮಣ್ಣು ಎಲುಬನ್ನು ಮೆಲ್ಲಗೆ ಕರಗಿಸುತ್ತದೆ. ಭಾಲ್ಕಿ, ಔರಾದಗಳ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿದು, ತನ್ನೊಡಲಲ್ಲಿಟ್ಟದ್ದನ್ನು ಇಟ್ಟಲ್ಲಿ ಇರಗೊಡುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಸಂಸ್ಕಾರ ಬೇರೆ. ಲಿಂಗಾಯತರು ಮೃತರನ್ನು ಕುಳಿತ ಭಂಗಿಯಲ್ಲಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಸಮಾಧಿ ಮಾಡುವರು; ದೇಹ ಕರಗುತ್ತ ಬಂದಂತೆ ತಲೆಬುರುಡೆ ಜಾರಿ, ಬೆನ್ನೆಲುಬು ಕುಸಿದು, ಎಲ್ಲವೂ ಮಡಿಚಿದ ಕಾಲುಗಳ ಮೇಲೆ ಬೀಳುವುದು. ನೀಳವಾಗಿ ಮಲಗಿಸಿದ ಶವವನ್ನಷ್ಟೇ ಬಲ್ಲ ಪರದೇಶದ ಕೈಪಿಡಿಯನ್ನು ಓದಿಕೊಂಡವನು ಇದನ್ನು ಕಂಡರೆ, ಯಾರನ್ನೋ ಕೊಂದು ಗುಂಡಿಗೆ ತುರುಕಿದ್ದಾರೆಂದು ಪಂಚನಾಮೆ ಬರೆಸಿಯಾನು. ಮುಸಲ್ಮಾನರ ಗೋರಿಯಲ್ಲಿ ಬಲಮಗ್ಗುಲಾಗಿ ಕಿಬ್ಲಾದತ್ತ ತಿರುಗಿದ ಮುಖ, ಚಿತೆಯಲ್ಲಿ ಬೆಂದು ಬಿರಿದು ಉಳಿದ ಚೂರುಗಳು: ಇವನ್ನೂ ಓದಲು ಬಾರದವನ ಅಸ್ಥಿಜ್ಞಾನವು ಈ ಜಿಲ್ಲೆಯಲ್ಲಿ ಅರ್ಧವಿದ್ಯೆ.

ಶಿಬಿರದಲ್ಲಿ ಕೊಲೆಯ ಕಥೆ ಹೆಣೆದು, ಕೊನೆಯ ದಿನ ಕೊಲೆಗಾರನನ್ನು ಪತ್ತೆಮಾಡಿಸುವ ನಾಟಕೀಯತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ದೂರದರ್ಶನದ ಬಳುವಳಿ. ಮಕ್ಕಳನ್ನು ಸೆಳೆಯುತ್ತದೆ, ಅಷ್ಟೆ.

ಬಗದಲ್ಲಿನಲ್ಲಿ ಇಂತಹ ಶಿಬಿರ ನಡೆಯುವುದಾದರೆ ಅದು ಬೇಸಿಗೆಯದಾಗಬಾರದೆಂಬುದೇ ನನ್ನ ಮೊದಲ ಸೂಚನೆ. ವೈಶಾಖದಲ್ಲಿ ನಮ್ಮ ಎರೆಹೊಲಕ್ಕೆ ಗುದ್ದಲಿಯೇ ಹತ್ತದು, ಕರಣೆಯ ಮಾತೆಲ್ಲಿ? ಮಳೆ ನಿಂತು ನೆಲ ಹದವಾಗಿರುವ ದಸರೆಯ ರಜೆಯೇ ತಕ್ಕ ಕಾಲ. ಮನುಷ್ಯನ ಅಸ್ಥಿ ಬೇಡ. ಕಟುಕರ ಅಂಗಡಿಯ ಆಡಿನೆಲುಬು ಸಾಕು. ಮೊದಲ ವರ್ಷದವರು ಕೆಮ್ಮಣ್ಣಿನಲ್ಲೊಂದು ಪಾಲು, ಎರೆಮಣ್ಣಿನಲ್ಲೊಂದು ಪಾಲು ಹೂತು, ಆಳವನ್ನೂ ದಿಕ್ಕನ್ನೂ ಅಳೆದು, ನಕ್ಷೆ ಬರೆದು ಶಾಲೆಯ ಕಪಾಟಿನಲ್ಲಿಡಲಿ. ಮರುವರ್ಷದವರು ಆ ನಕ್ಷೆಯನ್ನು ಹಿಡಿದು ಎರಡು ಕಡೆಯೂ ಅಗೆದು, ಯಾವ ಮಣ್ಣು ಎಷ್ಟು ತಿಂದಿತು, ಎಷ್ಟು ಸರಿಸಿತು ಎಂಬುದನ್ನು ಬರೆಯಲಿ. ನಕ್ಷೆಯೇ ತಪ್ಪಾಗಿದ್ದರೆ ಅದನ್ನೂ ಬರೆಯಲಿ.