ಒಂದು ಕಥೆ, ಎರಡು ಮುಕ್ತಾಯ: ‘ಎವಾಂಗೆಲಿಯನ್’ ಧಾರಾವಾಹಿಯ ಕೊನೆಯನ್ನು ಕುರಿತು

ಕಥೆಯೊಂದರ ಕೊನೆ ತಿಳಿಯಲಿಲ್ಲವೆಂಬ ದೂರು ವಿದ್ಯಾರ್ಥಿಗಳಿಂದ ಬರುವುದು ಹೊಸದೇನೂ ಅಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಓದಿದವರು, ಪ್ರಾಣೇಶಾಚಾರ್ಯರು ಊರಿಗೆ ಮರಳಿ ಏನು ಹೇಳಿದರೆಂದು ಕೇಳದೆ ಬಿಡುವುದಿಲ್ಲ. ಈಚೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಾಲೇಜುಗಳಲ್ಲಿ ಇದೇ ದೂರು ಬೇರೊಂದು ಕೃತಿಯನ್ನು ಕುರಿತು ಕೇಳಿಬರುತ್ತಿದೆ. ಅದು ಪುಸ್ತಕವಲ್ಲ, ಜಪಾನಿನ ಚಿತ್ರಧಾರಾವಾಹಿ, ಅಲ್ಲಿಯವರ ಮಾತಿನಲ್ಲಿ ಆನಿಮೆ. ಮೊಬೈಲಿನಲ್ಲಿ ಇಂಗ್ಲಿಷ್ ಅಡಿಬರಹಗಳ ನೆರವಿನಿಂದ ಇಪ್ಪತ್ತಾರು ಕಂತುಗಳನ್ನು ನೋಡಿ ಮುಗಿಸಿದ ಹುಡುಗರು ಕೊನೆಯ ಎರಡರಲ್ಲಿ ದಾರಿ ತಪ್ಪಿ, ಎದುರು ಸಿಕ್ಕ ಅಧ್ಯಾಪಕರನ್ನು ಕೇಳುತ್ತಾರೆ. ಅಧ್ಯಾಪಕರಲ್ಲಿ ಹಲವರು ಅದು ಮಕ್ಕಳ ಬೊಂಬೆಚಿತ್ರವೆಂದು ನಕ್ಕು ಕಳುಹಿಸುತ್ತಾರೆ. ನಗತಕ್ಕದ್ದಲ್ಲವೆಂಬುದು ನಮ್ಮ ಅಭಿಪ್ರಾಯ. ಒಂದೇ ಕಥೆಗೆ ಎರಡು ಕೊನೆಗಳಿದ್ದರೆ ಯಾವುದನ್ನು ಹೇಗೆ ಸ್ವೀಕರಿಸಬೇಕೆಂಬುದು ಆಕರವಿಮರ್ಶೆಯ ಪ್ರಶ್ನೆ; ಇತಿಹಾಸವನ್ನು ಬೋಧಿಸುವ ನಮ್ಮ ದಿನನಿತ್ಯದ ಕಸುಬು. ಆದಕಾರಣ ಸಾಹಿತ್ಯವಿಮರ್ಶೆ ನಮ್ಮ ಕ್ಷೇತ್ರವಲ್ಲದಿದ್ದರೂ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಮೊದಲು ಕೃತಿಯ ವಿವರ. ‘ಎವಾಂಗೆಲಿಯನ್’ ಧಾರಾವಾಹಿಯು ಟಿ.ವಿ. ಟೋಕಿಯೊ ವಾಹಿನಿಯಲ್ಲಿ 1995ರ ಅಕ್ಟೋಬರ್ 4ರಿಂದ 1996ರ ಮಾರ್ಚ್ 27ರವರೆಗೆ ವಾರಕ್ಕೊಂದು ಕಂತಿನಂತೆ ಪ್ರಸಾರವಾಯಿತು. ನಿರ್ದೇಶಕ ಹಿದೆಯಾಕಿ ಅನ್ನೊ. ತಯಾರಿಸಿದ ಸಂಸ್ಥೆ ಗೈನಾಕ್ಸ್. ಕೊನೆಯ ಎರಡು ಕಂತುಗಳಿಂದ ಪ್ರೇಕ್ಷಕರಲ್ಲಿ ಎದ್ದ ಕೋಲಾಹಲದ ತರುವಾಯ, 1997ರ ಜುಲೈ 19ರಂದು, ಅದೇ ಕಥೆಗೆ ಮತ್ತೊಂದು ಮುಕ್ತಾಯವನ್ನು ಒದಗಿಸುವ ಚಲನಚಿತ್ರ ಬಿಡುಗಡೆಯಾಯಿತು. 2019ರಲ್ಲಿ ನೆಟ್‌ಫ್ಲಿಕ್ಸ್ ಇವೆರಡನ್ನೂ ಒಟ್ಟಿಗೆ ಒದಗಿಸಿದ ಮೇಲೆ ನಮ್ಮ ವಿದ್ಯಾರ್ಥಿಗಳಿಗೂ ಎರಡೂ ಒಂದೇ ಉಸಿರಿನಲ್ಲಿ ದೊರೆಯುವಂತಾಯಿತು. ಗೊಂದಲ ಹೆಚ್ಚಲು ಇದೂ ಒಂದು ಕಾರಣ. ಜಪಾನಿನ ಪ್ರೇಕ್ಷಕನಿಗೆ ಎರಡು ಕೊನೆಗಳ ನಡುವೆ ಹದಿನಾರು ತಿಂಗಳ ಅಂತರವಿತ್ತು. ನಮ್ಮವರಿಗೆ ಹದಿನಾರು ನಿಮಿಷವೂ ಇಲ್ಲ.

ಕಥೆಯನ್ನು ಅತಿ ಸಂಕ್ಷೇಪವಾಗಿ ಹೇಳುವುದಾದರೆ, 2000ನೆಯ ವರ್ಷದಲ್ಲಿ ಅಂಟಾರ್ಕ್ಟಿಕದಲ್ಲಿ ನಡೆದ ಮಹಾಸ್ಫೋಟದಿಂದ ಮಾನವಕುಲದ ಅರ್ಧಭಾಗ ನಾಶವಾಗಿದೆ. ಹದಿನೈದು ವರ್ಷಗಳ ಅನಂತರ ‘ದೇವದೂತ’ರೆಂಬ ವಿಚಿತ್ರಜೀವಿಗಳು ಹೊಸ ಟೋಕಿಯೊ ನಗರದ ಮೇಲೆ ಬೀಳುತ್ತಾರೆ. ಅವರನ್ನು ಎದುರಿಸುವ ದೈತ್ಯಯಂತ್ರಗಳೊಳಗೆ ಹದಿನಾಲ್ಕು ವರ್ಷದ ಮಕ್ಕಳನ್ನು ಕೂರಿಸಲಾಗುತ್ತದೆ. ಇವರಲ್ಲೊಬ್ಬ ಶಿಂಜಿ: ತಾಯಿಯನ್ನು ಕಳೆದುಕೊಂಡವನು, ತಂದೆಯಿಂದ ದೂರ ತಳ್ಳಲ್ಪಟ್ಟವನು. ಯುದ್ಧದ ಹಿಂದೆ ಗುಪ್ತವಾದ ಯೋಜನೆಯೊಂದಿದೆ. ಮನುಷ್ಯರನ್ನು ಬೇರೆಬೇರೆಯಾಗಿಸಿರುವ ಮನಸ್ಸಿನ ಗೋಡೆಗಳನ್ನು ಕರಗಿಸಿ, ಎಲ್ಲ ಆತ್ಮಗಳನ್ನೂ ಒಂದಾಗಿಸುವುದೇ ಆ ಯೋಜನೆ. ಇಪ್ಪತ್ತನಾಲ್ಕನೆಯ ಕಂತಿನಲ್ಲಿ ಶಿಂಜಿ ತನ್ನನ್ನು ಪ್ರೀತಿಸಿದ ಏಕಮಾತ್ರ ಗೆಳೆಯನೆಂದು ನಂಬಿದ ಕಾವೊರುವನ್ನು, ಅವನೂ ದೇವದೂತನೆಂದು ತಿಳಿದು, ಯಂತ್ರದ ಕೈಯಲ್ಲಿ ಹಿಡಿದು ಕೊಲ್ಲುತ್ತಾನೆ. ಅಲ್ಲಿಗೆ ಯುದ್ಧಕಥೆ ನಿಲ್ಲುತ್ತದೆ.

ಮುಂದಿನ ಎರಡು ಕಂತುಗಳಲ್ಲಿ ಯುದ್ಧವಿಲ್ಲ, ನಗರವಿಲ್ಲ. ಕತ್ತಲೆಯ ಸಭಾಂಗಣದಂಥ ಸ್ಥಳದಲ್ಲಿ ಶಿಂಜಿ ಕುರ್ಚಿಯ ಮೇಲೆ ಕುಳಿತಿದ್ದಾನೆ. ಪರದೆಯ ಮೇಲೆ ಅಕ್ಷರಗಳಲ್ಲಿ ಪ್ರಶ್ನೆಗಳು ಮೂಡುತ್ತವೆ. ಅವನು ಉತ್ತರಿಸುತ್ತಾನೆ, ಉತ್ತರವನ್ನೇ ಮತ್ತೆ ಪ್ರಶ್ನಿಸಲಾಗುತ್ತದೆ. ನಿಶ್ಚಲಚಿತ್ರಗಳು, ಅರೆಬರೆ ಗೀಟುಗಳು, ಹಿಂದಿನ ಕಂತುಗಳ ತುಣುಕುಗಳು ಬಂದುಹೋಗುತ್ತವೆ. ಕೊನೆಗೆ ಅವನ ಸುತ್ತ ಕತ್ತಲೆ ಒಡೆದು, ನೀಲಿ ಆಕಾಶದ ಕೆಳಗೆ ಕಥೆಯ ಪಾತ್ರಗಳೆಲ್ಲ ವೃತ್ತಾಕಾರವಾಗಿ ನಿಂತು ಚಪ್ಪಾಳೆ ತಟ್ಟಿ ಅವನನ್ನು ಅಭಿನಂದಿಸುತ್ತಾರೆ. ಅವನು ನಗುತ್ತಾನೆ. ಕಥೆ ಮುಗಿಯಿತು.

ಇದಕ್ಕೆ ಮೊದಲನೆಯ ವಿವರಣೆ ಬಹಳ ಸುಲಭವಾದದ್ದು: ತಯಾರಕರಿಗೆ ಸಮಯ ಸಾಲಲಿಲ್ಲ, ಕೈಗೆ ಬಂದದ್ದನ್ನು ಪ್ರಸಾರ ಮಾಡಿದರು. ಇದರಲ್ಲಿ ಸತ್ಯಾಂಶ ಧಾರಾಳವಾಗಿದೆ. ಕಂತುಗಳು ಮುಂದುವರಿದಂತೆ ತಯಾರಿಕೆಯ ಕಾಲಪಟ್ಟಿ ಕುಸಿದುಬಿದ್ದಿತ್ತೆಂಬುದನ್ನು ಅದರಲ್ಲಿ ದುಡಿದವರೇ ಹೇಳಿದ್ದಾರೆ. ಇಪ್ಪತ್ತೆರಡನೆಯ ಕಂತಿನಲ್ಲಿ ಇಬ್ಬರು ಹುಡುಗಿಯರು ಲಿಫ್ಟಿನೊಳಗೆ ಮಾತಿಲ್ಲದೆ ನಿಂತ ಒಂದೇ ಚಿತ್ರ ಬಹುಕಾಲ ಕದಲುವುದಿಲ್ಲ. ಕಾವೊರುವಿನ ಮರಣಕ್ಕೆ ಮುನ್ನ ಸುಮಾರು ಒಂದು ನಿಮಿಷದ ಮಟ್ಟಿಗೆ ಪರದೆ ಸ್ತಬ್ಧವಾಗಿರುತ್ತದೆ. ಆದರೆ ಅಭಾವವು ಕೃತಿಯ ರೂಪಕ್ಕೆ ಕಾರಣವನ್ನು ಕೊಡಬಲ್ಲುದೇ ಹೊರತು ಅರ್ಥವನ್ನು ಕೊಡಲಾರದು. ಕಾವೊರುವಿನ ಆ ನಿಶ್ಚಲ ನಿಮಿಷವೇ ಇದಕ್ಕೆ ಸಾಕ್ಷಿ: ಅದು ಮಿತವ್ಯಯದಿಂದ ಹುಟ್ಟಿರಬಹುದು, ನೋಡುವವನಿಗೆ ಅದು ಕೊಲ್ಲಲಾರದೆ ತಡೆದ ಕೈಯ ತೂಕವಾಗಿಯೇ ಪರಿಣಮಿಸುತ್ತದೆ.

ನಮ್ಮ ಸೀಮೆಯ ಶಾಸನಗಳಿಂದ ಒಂದು ನಿದರ್ಶನ ಕೊಡಬಹುದು. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವು ಅಂದಿನ ಕೋಲಾರ ಜಿಲ್ಲೆಯದು, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಈ ನಾಲ್ಕು ತಾಲ್ಲೂಕುಗಳ ಶಾಸನಗಳೂ ಅದರಲ್ಲಿಯೇ ಇವೆ. ಅದನ್ನು ತಿರುವಿಹಾಕಿದ ವಿದ್ಯಾರ್ಥಿಗೆ ಎರಡು ಬಗೆಯ ಕೊನೆಗಳು ಪರಿಚಿತ. ಒಂದು, ಕಲ್ಲು ಒಡೆದು ಅಕ್ಷರ ನಶಿಸಿದ ಕೊನೆ. ಇನ್ನೊಂದು ದಾನಶಾಸನಗಳ ಶಾಪಾಶಯ. ದಾನಿ, ದತ್ತಿ, ಎಲ್ಲೆಕಟ್ಟುಗಳನ್ನು ಕನ್ನಡದಲ್ಲಿ ಒಂದೊಂದಾಗಿ ಎಣಿಸಿದ ಶಾಸನವು ಕೊನೆಗೆ ತಟಕ್ಕನೆ ಸಂಸ್ಕೃತ ಶ್ಲೋಕಕ್ಕೆ ತಿರುಗಿ, ಮುಂದೆಂದೋ ಆಳಲಿರುವ ರಾಜರನ್ನು ನೇರವಾಗಿ ಸಂಬೋಧಿಸುತ್ತದೆ. ಭಾಷೆ ಬೇರೆ, ಧ್ವನಿ ಬೇರೆ, ಕೇಳುವವನೂ ಬೇರೆ. ಆದರೂ ಇದನ್ನು ಒಡೆದ ಶಾಸನವೆಂದು ಯಾರೂ ಹೇಳುವುದಿಲ್ಲ. ‘ಎವಾಂಗೆಲಿಯನ್’ನ ಕೊನೆಯ ಎರಡು ಕಂತುಗಳು ಒಡೆದ ಕಲ್ಲೋ, ಶಾಪಾಶಯವೋ ಎಂಬುದನ್ನು ಮೊದಲು ನಿರ್ಣಯಿಸಿಕೊಳ್ಳಬೇಕು. ನಮ್ಮ ಮಟ್ಟಿಗೆ ಅವು ಎರಡನೆಯ ಜಾತಿಗೆ ಸೇರಿದವು.

ಇದಕ್ಕೆ ಕೃತಿಯೊಳಗಿನ ಆಧಾರಗಳೇ ಸಾಕು. ಚಪ್ಪಾಳೆ ತಟ್ಟುವವರ ಮುಖಗಳನ್ನು ಗಮನಿಸಿರಿ. ಅವರಲ್ಲಿ ಇಪ್ಪತ್ತೊಂದನೆಯ ಕಂತಿನಲ್ಲಿ ಗುಂಡಿಗೆ ಬಲಿಯಾದ ಕಾಜಿ ಇದ್ದಾನೆ. ಶಿಂಜಿ ಎಳೆಯವನಾಗಿದ್ದಾಗಲೇ ಇಲ್ಲವಾದ ತಾಯಿ ಯೂಯಿ ಇದ್ದಾಳೆ. ಅವಳ ಪಕ್ಕದಲ್ಲಿ, ಮಗನನ್ನು ದೂರ ತಳ್ಳಿದ ತಂದೆಯೂ ನಿಂತಿದ್ದಾನೆ. ಇದು ಕಥೆಯ ಮುಂದಿನ ಘಟನೆಯೆಂದು ತಿಳಿದವನು ಗೊಂದಲಕ್ಕೆ ಬೀಳದೆ ವಿಧಿಯಿಲ್ಲ. ಕೇಳಿಕೆಯ ಕೊನೆಗೆ ಮಂಗಳ ಹಾಡುವಾಗ ರಂಗದ ಮೇಲೆ ನಿಂತ ವೇಷಗಳ ನಡುವೆ ಆಟದಲ್ಲಿ ಮಡಿದವನೂ ಇದ್ದರೆ ನಮ್ಮ ಹಳ್ಳಿಯ ಪ್ರೇಕ್ಷಕನು ‘ಇವನು ಬದುಕಿದ್ದು ಹೇಗೆ?’ ಎಂದು ಕೇಳುವುದಿಲ್ಲ. ಆಟ ಮುಗಿದು ಮಂಗಳ ನಡೆಯುತ್ತಿದೆಯೆಂದು ಅವನು ಬಲ್ಲ. ನಮ್ಮ ಹುಡುಗರು ಅಜ್ಜಂದಿರ ಈ ತಿಳಿವಳಿಕೆಯನ್ನು ಮೊಬೈಲಿನ ಮುಂದೆ ಕುಳಿತಾಗ ಮರೆಯುತ್ತಾರೆ, ಅಷ್ಟೆ.

ಇನ್ನೊಂದು ಸನ್ನಿವೇಶ ಇದಕ್ಕಿಂತ ಮಹತ್ತ್ವದ್ದು. ಬರಿಯ ಬಿಳುಪಿನ ನಡುವೆ ಶಿಂಜಿ ತೇಲುತ್ತಿದ್ದಾನೆ. ಅವನಿಗೆ ಯಾವ ಕಟ್ಟೂ ಇಲ್ಲ. ಮಾಡಲು ಏನೂ ತೋರದು. ಆಗ ಕೆಳಗೆ ಅಡ್ಡಗೆರೆಯೊಂದು ಎಳೆಯಲ್ಪಡುತ್ತದೆ. ಅದು ನೆಲವಾಯಿತು. ಒಂದು ಸ್ವಾತಂತ್ರ್ಯ ಕಡಮೆಯಾಯಿತು, ಆದರೆ ನಡೆಯಲು ಎಡೆಯಾಯಿತು. ಇತರರಿಲ್ಲದಿದ್ದರೆ ತನ್ನ ಆಕಾರವೇ ತನಗೆ ಕಾಣದೆಂಬುದನ್ನು ಒಂದೇ ಗೆರೆಯಿಂದ ಹೀಗೆ ತೋರಿಸಿದ್ದು ಸಾಮಾನ್ಯವಲ್ಲ. ಇಲ್ಲಿಂದ ಮುಂದೆ ಕೃತಿ ಕೇಳುವ ಪ್ರಶ್ನೆ, ಯುದ್ಧದಲ್ಲಿ ಗೆದ್ದವರಾರೆಂಬುದಲ್ಲ. ನೋಯಿಸುವ ಇತರರ ನಡುವೆ ಇರಲು ಈ ಹುಡುಗನು ಒಪ್ಪುವನೇ ಎಂಬುದು.

ನಮ್ಮ ವಿದ್ಯಾರ್ಥಿಗಳಿಗೆ ಇಲ್ಲಿ ವಿಶೇಷವಾದ ಒಂದು ತೊಡಕಿದೆ. ಪಾಶ್ಚಾತ್ಯ ಪ್ರೇಕ್ಷಕನಿಗೆ ಅದು ಅಷ್ಟಾಗಿ ಇರಲಾರದು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಯೋಗಿ ನಾರೇಯಣರ ಪದಗಳು ಇಂದಿಗೂ ಭಜನೆಯಲ್ಲಿ ನಡೆಯುತ್ತಿವೆ. ತತ್ತ್ವಪದಗಳ ಪರಂಪರೆಯಲ್ಲಿ ಬೆಳೆದ ಕಿವಿಗೆ, ನಾನೆಂಬುದು ಕರಗಿ ಒಂದಾಗುವುದೇ ಪರಮಪ್ರಾಪ್ತಿ. ಆದ್ದರಿಂದ ಆತ್ಮಗಳೆಲ್ಲ ಬೆರೆಯುವ ಯೋಜನೆಯನ್ನು ಕಂಡೊಡನೆ ಅದು ಮೋಕ್ಷವೆಂದೂ, ಚಪ್ಪಾಳೆ ಆ ಮೋಕ್ಷದ ಸಂಭ್ರಮವೆಂದೂ ಅವರು ಊಹಿಸುತ್ತಾರೆ. ಕೃತಿಯ ದೃಷ್ಟಿಯಲ್ಲಾದರೋ ಅದು ಪ್ರಲೋಭನೆ. ಅಹಂಕಾರವನ್ನು ಗೆದ್ದು ಕರಗುವುದಕ್ಕೂ, ಇತರರ ಭಯದಿಂದ ಕರಗಲು ಹಂಬಲಿಸುವುದಕ್ಕೂ ಇರುವ ಅಂತರವನ್ನು ಅದು ಬಲ್ಲುದು. 1995ರ ಜನವರಿಯಲ್ಲಿ ಕೋಬೆಯ ಭೂಕಂಪ ಆರು ಸಾವಿರಕ್ಕೂ ಮಿಕ್ಕಿ ಜನರನ್ನು ನುಂಗಿತ್ತು; ಮಾರ್ಚ್ 20ರಂದು ಓಮ್ ಶಿನ್‌ರಿಕ್ಯೊ ಪಂಥದವರು ಟೋಕಿಯೊದ ಸುರಂಗರೈಲಿನಲ್ಲಿ ವಿಷಾನಿಲ ಹರಡಿದ್ದರು. ಧಾರಾವಾಹಿಯ ಯೋಜನೆ 1993ರಷ್ಟು ಹಿಂದಿನದಾದ್ದರಿಂದ ಅದು ಈ ಘಟನೆಗಳಿಂದ ಹುಟ್ಟಿತೆನ್ನಲಾಗದು. ಆದರೆ ಮನುಕುಲದ ಉದ್ಧಾರಕ್ಕಾಗಿ ಮನುಷ್ಯರನ್ನು ಅಳಿಸಹೊರಟ ಗುಪ್ತಮಂಡಲಿಯ ಕಥೆಯನ್ನು ಆ ವರ್ಷದ ಜಪಾನೀಯರು ಬರಿಯ ಕಲ್ಪನೆಯೆಂದು ನೋಡಿರಲಾರರು.

1997ರ ಚಲನಚಿತ್ರಕ್ಕೆ ಬರೋಣ. ಇಲ್ಲಿ ಘಟನೆಗಳಿಗೆ ಬರವಿಲ್ಲ. ಸೈನ್ಯ ಮುತ್ತುತ್ತದೆ, ಪಾತ್ರಗಳು ಸಾಯುತ್ತವೆ, ಮನುಷ್ಯರೆಲ್ಲ ಕಿತ್ತಳೆ ಬಣ್ಣದ ದ್ರವವಾಗಿ ಕರಗಿಹೋಗುತ್ತಾರೆ. ಶಿಂಜಿ ಆ ಏಕತೆಯನ್ನು ನಿರಾಕರಿಸಿ ಕೆಂಪು ಕಡಲಿನ ದಡದಲ್ಲಿ ಎಚ್ಚರಗೊಳ್ಳುತ್ತಾನೆ. ಪಕ್ಕದಲ್ಲಿ ಅಸುಕಾ ಒಬ್ಬಳೇ. ಅವನು ಅವಳ ಕುತ್ತಿಗೆ ಹಿಸುಕುತ್ತಾನೆ, ಅವಳು ಕೈಯೆತ್ತಿ ಅವನ ಕೆನ್ನೆ ಸವರುತ್ತಾಳೆ, ಅವನು ಅಳುತ್ತಾನೆ, ಅವಳು ಜುಗುಪ್ಸೆಯ ಒಂದು ಮಾತಾಡುತ್ತಾಳೆ. ಇಷ್ಟೆ. ಚಿತ್ರದ ನಡುವೆ ಚಿತ್ರಮಂದಿರದಲ್ಲಿ ಕುಳಿತ ನಿಜವಾದ ಪ್ರೇಕ್ಷಕರನ್ನೂ, ಅವರು ಬರೆದ ಪತ್ರಗಳನ್ನೂ ಕ್ಷಣಮಾತ್ರ ತೋರಿಸಲಾಗುತ್ತದೆ.

ಈ ಎರಡನ್ನೂ ಬೆಸೆಯುವ ವಾದವು ವಿದ್ಯಾರ್ಥಿಗಳಲ್ಲಿ ಬಹಳ ಪ್ರಿಯವಾಗಿದೆ. ಚಲನಚಿತ್ರವು ಹೊರಗೆ ನಡೆದದ್ದು, ಧಾರಾವಾಹಿಯ ಕೊನೆಯು ಅದೇ ಹೊತ್ತಿನಲ್ಲಿ ಶಿಂಜಿಯ ಮನಸ್ಸಿನೊಳಗೆ ನಡೆದದ್ದು; ಎರಡನ್ನೂ ಕೂಡಿಸಿದರೆ ಒಂದೇ ಕಥೆ. ಈ ವಾದಕ್ಕೆ ಆಧಾರವಿಲ್ಲವೆನ್ನುವಂತಿಲ್ಲ. ಇಪ್ಪತ್ತೈದನೆಯ ಕಂತಿನಲ್ಲಿ ಮಿಸಾತೊ, ರಿತ್ಸುಕೊ ಇವರ ಶವಗಳು ಕ್ಷಣಕಾಲ ಕಾಣುತ್ತವೆ. ಅವರು ಸತ್ತ ಬಗೆಯನ್ನು ಚಲನಚಿತ್ರ ತಿಳಿಸುತ್ತದೆ. ಆದರೆ ಇದರಿಂದ ಸಿದ್ಧವಾಗುವುದು ಘಟನೆಗಳ ಒಂದು ರೂಪರೇಖೆ ಮೊದಲೇ ಇತ್ತೆಂಬುದು ಮಾತ್ರ. ಚಲನಚಿತ್ರದ ಎರಡು ಭಾಗಗಳಿಗೆ 25, 26 ಎಂಬ ಹಳೆಯ ಅಂಕೆಗಳನ್ನೇ ಕೊಟ್ಟು ಮೇಲೊಂದು ಚಿಕ್ಕ ಗೀಟನ್ನು ಹಾಕಿದ್ದಾರೆ. ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದರ ಅರ್ಥ ಸ್ಪಷ್ಟ: ಅದು ಮುಂದುವರಿಕೆಯಲ್ಲ, ಪೂರಣವೂ ಅಲ್ಲ, ಪಾಠಾಂತರ. ಕುಮಾರವ್ಯಾಸನು ತನ್ನ ಭಾರತವನ್ನು ಗದಾಪರ್ವಕ್ಕೆ ನಿಲ್ಲಿಸಿದನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿಯು ರಚಿಸಿದನು. ಅದು ಪೂರಣ. ಅಲ್ಲಿಯೂ ನಾವು ಎರಡನ್ನು ಒಂದೇ ಕಾವ್ಯವೆಂದು ಓದುವುದಿಲ್ಲ. ಹೀಗಿರುವಾಗ ಒಂದೇ ಸ್ಥಾನಕ್ಕೆ ಬರೆದ ಎರಡು ಪಾಠಗಳನ್ನು ಕಲಸಿ ಮೂರನೆಯದೊಂದನ್ನು ಮಾಡಿದರೆ, ಯಾರೂ ರಚಿಸದ ಕೃತಿಯೊಂದು ನಮ್ಮ ಕೈಯಲ್ಲಿ ಉಳಿಯುತ್ತದೆ.

ಸಮನ್ವಯದ ಈ ಚಪಲವನ್ನು ಇತಿಹಾಸದ ತರಗತಿಯಲ್ಲಿಯೂ ಕಾಣುತ್ತೇವೆ. ನಮ್ಮ ಚಿಂತೆ ಮುಖ್ಯವಾಗಿ ಅದೇ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಕ್ಕೆ ನೆರೆದವರ ಮೇಲೆ ಗುಂಡು ಹಾರಿತು. ಮಡಿದವರ ಸಂಖ್ಯೆ ಸರ್ಕಾರದ ಲೆಕ್ಕದಲ್ಲಿ ಒಂದು, ಸ್ಮಾರಕದ ಲೆಕ್ಕದಲ್ಲಿ ಇನ್ನೊಂದು. ಉತ್ತರಪತ್ರಿಕೆಯಲ್ಲಿ ಎರಡರ ನಡುವಿನ ಅಂಕೆಯೊಂದನ್ನು ಬರೆದು ನಿಶ್ಚಿಂತರಾಗುವ ವಿದ್ಯಾರ್ಥಿಗಳಿದ್ದಾರೆ. ಅಲ್ಲಿ ನಿಜವಾಗಿ ಸತ್ತವರಿದ್ದಾರೆ. ನಡೆದದ್ದೇನೆಂಬ ಪ್ರಶ್ನೆಯನ್ನು ಅಲ್ಲಿ ಬಿಡುವಂತಿಲ್ಲ. ಕಲ್ಪಿತ ಕಥೆಯಲ್ಲಿ ನಡೆದದ್ದೇನೆಂದು ರಾತ್ರಿಯೆಲ್ಲ ತಲೆಕೆಡಿಸಿಕೊಳ್ಳುವವರು ವಿದುರಾಶ್ವತ್ಥದಲ್ಲಿ ನಡೆದದ್ದನ್ನು ಒಂದು ಅಂದಾಜಿಗೆ ಬಿಟ್ಟುಬಿಡುವುದು ತಲೆಕೆಳಗಾದ ಕ್ರಮ.

ಇನ್ನು ತಾರತಮ್ಯ. ಚಲನಚಿತ್ರವು ಕುಶಲವಾದದ್ದು, ಭಯಂಕರವಾದದ್ದು. ಆದರೆ ಅದರಲ್ಲಿ ಪ್ರೇಕ್ಷಕನ ಮೇಲಿನ ಮುನಿಸು ಸ್ವಲ್ಪ ಹೆಚ್ಚಾಗಿಯೇ ಇದೆಯೆಂದು ನಮಗೆ ತೋರುತ್ತದೆ. ಧಾರಾವಾಹಿಯ ಕೊನೆಯು ಮಾತಿನಿಂದ ಭಾರವಾಗಿದೆ. ಇಪ್ಪತ್ತೈದನೆಯ ಕಂತಿನ ವಿಚಾರಣೆಯಲ್ಲಿ ಹೇಳಿದ್ದನ್ನೇ ಹೇಳುವ ದೋಷವೂ ಉಂಟು. ಎರಡರಲ್ಲಿಯೂ ಹುಡುಗನು, ಇತರರಿರುವ ಲೋಕದಲ್ಲಿ ತಾನೂ ಇರಬಹುದೆಂಬಲ್ಲಿಗೆ ಬಂದು ನಿಲ್ಲುತ್ತಾನೆ. ಚಪ್ಪಾಳೆಯ ದೃಶ್ಯ ಆ ನಿರ್ಧಾರವನ್ನು ಮಾತ್ರ ತೋರಿಸುತ್ತದೆ. ಕಡಲದಂಡೆಯ ದೃಶ್ಯ ಅದಕ್ಕೆ ತೆರಬೇಕಾದ ಬೆಲೆಯನ್ನು ತೋರಿಸುತ್ತದೆ. ಮೊದಲ ಬಾರಿಗೆ ನೋಡುವವರು ಧಾರಾವಾಹಿಯನ್ನು ಮುಗಿಸಿ, ಕೆಲವು ವಾರಗಳಾದರೂ ತಡೆದು, ಅನಂತರ ಚಲನಚಿತ್ರಕ್ಕೆ ಹೋಗುವುದು ಒಳ್ಳೆಯದು.

ನಿರ್ದೇಶಕನಿಗೆ ಇವೆರಡೂ ಸಾಲಲಿಲ್ಲ. 2007ರಿಂದ ನಾಲ್ಕು ಚಲನಚಿತ್ರಗಳಲ್ಲಿ ಅದೇ ಕಥೆಯನ್ನು ಮತ್ತೆ ಹೇಳಿ, 2021ರ ಮಾರ್ಚಿಯಲ್ಲಿ ಮೂರನೆಯದೊಂದು ಕೊನೆಯನ್ನು ಕೊಟ್ಟನು. ಅದರಲ್ಲಿ ಶಿಂಜಿ ಪ್ರಾಯದವನಾಗಿದ್ದಾನೆ. ರೈಲುನಿಲ್ದಾಣದಿಂದ ಜೊತೆಗಾತಿಯ ಕೈಹಿಡಿದು ಹೊರಕ್ಕೆ ಓಡುತ್ತಾನೆ. ಅವರು ಗೀಚಿದ ಚಿತ್ರಗಳು. ಆದರೆ ಅವರು ಓಡಿಬರುವ ಊರು ಕ್ಯಾಮರಾದಲ್ಲಿ ಸೆರೆಹಿಡಿದ ನಿಜವಾದ ಊಬೆ, ಅನ್ನೊ 1960ರಲ್ಲಿ ಹುಟ್ಟಿದ ಊರು.