ಪಕ್ಕದ ಕೋಟೆಯವನ ಮಾತೂ ಕೇಳಿ

ಯುದ್ಧದ ಕಥೆಯ ಹುಚ್ಚು ಹಿಡಿಯುವುದು ಹದಿಮೂರು, ಹದಿನಾಲ್ಕರ ವಯಸ್ಸಿಗೆ. ಆ ವಯಸ್ಸಿನವರಿಗೆಂದೇ ಕನ್ನಡದಲ್ಲಿ ಬೇರೆ ಕಪಾಟು ಇಲ್ಲದ್ದರಿಂದ ಮಕ್ಕಳು ಚಂದಮಾಮದ ಹಳೆಯ ಸಂಚಿಕೆಗಳಿಂದ ನೇರ ತರಾಸು ಅವರ ಐತಿಹಾಸಿಕ ಕಾದಂಬರಿಗೆ ಜಿಗಿಯುತ್ತಾರೆ. ಜಿಗಿಯಲಿ. ಆಂಧ್ರದ ಗಡಿಯ ರತ್ನಗಿರಿ, ಮಡಕಶಿರಾ, ರಾಯದುರ್ಗದ ಕಡೆಯವರಿಗಂತೂ ಅದರಲ್ಲಿ ಒಂದು ಸುಖವಿದೆ, ಒಂದು ಇಕ್ಕಟ್ಟೂ ಇದೆ.

ಸುಖವೆಂದರೆ, ಅಲ್ಲಿ ಬರುವ ಪಾಳೆಯಗಾರರ ಸೀಮೆ ನಮ್ಮ ಸುತ್ತಲಿನದೇ. ಇಕ್ಕಟ್ಟು ಗೊತ್ತಾಗುವುದು ‘ದುರ್ಗಾಸ್ತಮಾನ’ ಓದುವಾಗ. 1982ರ ಈ ಕಾದಂಬರಿಗೆ ತರಾಸು ತೀರಿಕೊಂಡ ಮರುವರ್ಷ, 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾದ ಕಥೆಯಿದು. ದುರ್ಗದ ದೊರೆ ಮದಕರಿ ನಾಯಕನ ಪರ ನಿಂತು ಉಸಿರು ಬಿಗಿಹಿಡಿದು ಓದುವ ರಾಯದುರ್ಗದ ಹುಡುಗಿಗೆ ತನ್ನೂರಿನ ಕೋಟೆ ಎದುರಾಳಿಗಳ ಸಾಲಿನಲ್ಲಿ ಕಾಣುತ್ತದೆ. ಈಗ ಅವಳು ಯಾರ ಕಡೆ?

ನಾನಿಲ್ಲಿ ಹೇಳಬೇಕಿರುವುದು ಇಷ್ಟೇ: ಯುದ್ಧದ ಕಾದಂಬರಿಯನ್ನು ಒಂಟಿಯಾಗಿ ಓದಬಾರದು, ಜೋಡಿಯಾಗಿ ಓದಬೇಕು. ‘ದುರ್ಗಾಸ್ತಮಾನ’ದ ಜೋಡಿ ಡಬ್ಲ್ಯು. ಫ್ರಾನ್ಸಿಸ್ ಬರೆದ 1904ರ ಬಳ್ಳಾರಿ ಗೆಜೆಟಿಯರ್. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯದು. ಅನಂತಪುರಕ್ಕೆ ಸೇರಿದ್ದು 1953ರಲ್ಲಿ. ದುರ್ಗದೊಂದಿಗೆ ಹಗೆಯಿದ್ದ ರಾಯದುರ್ಗದ ನಾಯಕನಿಗೆ ಹೈದರನ ಕೃಪೆ ಒಲಿಯಿತು. ಮಗ ಟಿಪ್ಪುವಿನ ಕಾಲಕ್ಕೆ ಅದೇ ಮನೆತನದ ವೆಂಕಟಪತಿ ನಾಯಕ ಶ್ರೀರಂಗಪಟ್ಟಣದಲ್ಲಿ ಸೆರೆಯಾಳು. ಪಕ್ಕದ ಕೋಟೆ ಉರಿದಾಗ ಚಳಿ ಕಾಯಿಸಿಕೊಂಡವನ ಗತಿಯೂ ಅದೇ ಆಯಿತು. ಇದನ್ನು ಓದಿ ಮತ್ತೆ ಕಾದಂಬರಿಗೆ ಬಂದರೆ ಶತ್ರುವಿನ ಮುಖವೇ ಬೇರೆಯಾಗಿರುತ್ತದೆ. ಮಡಕಶಿರಾ, ರತ್ನಗಿರಿ ಕಡೆಯವರು ಅದೇ ಫ್ರಾನ್ಸಿಸ್‌ನ 1905ರ ಅನಂತಪುರ ಗೆಜೆಟಿಯರ್ ತೆರೆಯಬೇಕು.

ಇಂಗ್ಲಿಷ್ ಭಾರವಾದರೆ ಕೈಫಿಯತ್ತುಗಳಿವೆ. ಕರ್ನಲ್ ಮೆಕೆಂಜಿಯ ಕಡೆಯವರು ಊರೂರು ತಿರುಗಿ ಬರೆಸಿಕೊಂಡ ಸ್ಥಳವೃತ್ತಾಂತಗಳಿವು. ಎಂ.ಎಂ. ಕಲಬುರ್ಗಿ ಸಂಪಾದಿಸಿದ ಸಂಪುಟವನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯ ತಂದಿದೆ. ದೇವರ ಅಪ್ಪಣೆ, ಕನಸು, ನಿಧಿ, ಕೊಲೆ ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಎಂದು ಮಕ್ಕಳೇ ಜಾಲಾಡಲಿ.

‘ದುರ್ಗಾಸ್ತಮಾನ’ದ ಗಾತ್ರಕ್ಕೆ ಹೆದರುವವರು ದಳವಾಯಿ ಮುದ್ದಣ್ಣನ ಸಂಚಿನ, ತರಾಸು ಅವರದೇ ‘ಕಂಬನಿಯ ಕುಯಿಲು’ ಹಿಡಿಯಬಹುದು. ಅದರ ಹಿಂದೆಯೇ ‘ರಕ್ತರಾತ್ರಿ’, ‘ತಿರುಗುಬಾಣ’ ಇವೆ.

ಕೋಟೆ ಸಾಕೆನಿಸಿದರೆ ಇನ್ನೊಂದು ಗಡಿಗೆ, ಕಾಸರಗೋಡಿನತ್ತ ಹೋಗಿ. ನಿರಂಜನರ ‘ಚಿರಸ್ಮರಣೆ’ (1955) ಎರಡನೇ ಮಹಾಯುದ್ಧದ ನಡುವೆ ಕಯ್ಯೂರಿನ ರೈತರು ಸಿಡಿದೆದ್ದ ಕಥೆ. ಅಪ್ಪು, ಚಿರುಕಂಡರನ್ನು ನಾವು ಮೊದಲು ಕಾಣುವುದು ಶಾಲೆಯ ಹುಡುಗರಾಗಿ, ಮಾಸ್ತರರ ಮಾತಿಗೆ ಕಿವಿಯಾಗಿ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಇವರಿಬ್ಬರೂ ಸೇರಿ ಕಯ್ಯೂರಿನ ನಾಲ್ವರನ್ನು ಗಲ್ಲಿಗೇರಿಸಿದರು. ಐದನೆಯವನನ್ನು ಉಳಿಸಿದ್ದು ಅವನ ಎಳೆಯ ವಯಸ್ಸು. ಹದಿಹರೆಯದ ಓದುಗನಿಗೆ ಆ ಒಂದು ಸಂಗತಿ ತಟ್ಟುವಷ್ಟು ಇನ್ನಾವುದೂ ತಟ್ಟಲಾರದು. ಇದಕ್ಕೆ ಜೋಡಿಯಾಗಿ ಜಪಾನಿನ ‘ತೊತ್ತೋ ಚಾನ್’ ಇರಲಿ. ಬಾಂಬಿಗೆ ಸುಟ್ಟುಹೋದ ಶಾಲೆಯೊಂದರ ನೆನಪು ಅದು, ಕನ್ನಡದಲ್ಲೂ ಸಿಗುತ್ತದೆ.

ಗೆಜೆಟಿಯರುಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಇವೆ. ಶಾಲೆಯ ಮೇಷ್ಟ್ರು ಒಂದೊಂದು ಪುಟ ಅಚ್ಚು ಹಾಕಿಸಿ ಕೊಟ್ಟರೆ ಸಾಕು. ಅರ್ಧ ತರಗತಿ ಚಿತ್ರದುರ್ಗದ ಪರ, ಅರ್ಧ ರಾಯದುರ್ಗದ ಪರ ವಾದ ಹೂಡಲಿ. ಮಾರನೆಯ ದಿನ ಪಕ್ಷ ಬದಲಿಸಲಿ.