ಮಾರ್ಗನ್ನರ ಇರೋಕ್ವಾ ಗ್ರಂಥ: ಒಂದು ವಿಮರ್ಶೆ

ಅಮೇರಿಕಾ ಖಂಡದ ಮೂಲನಿವಾಸಿಗಳನ್ನು ಕುರಿತ ಶಾಸ್ತ್ರೀಯ ಗ್ರಂಥಗಳಲ್ಲಿ, ರಾಚೆಸ್ಟರ್ ನಗರದ ನ್ಯಾಯವಾದಿ ಲೂಯಿಸ್ ಹೆನ್ರಿ ಮಾರ್ಗನ್ನರು 1851ರಲ್ಲಿ ಪ್ರಕಟಿಸಿದ ಇರೋಕ್ವಾ ಒಕ್ಕೂಟದ ಗ್ರಂಥವು ಅಗ್ರಪಂಕ್ತಿಗೆ ಸೇರತಕ್ಕದ್ದು. ಇದಕ್ಕೆ ಮುಖ್ಯ ಆಧಾರ ಸೆನೆಕಾ ಜನಾಂಗ. ಈ ಜನರು ತಮ್ಮನ್ನು ‘ಮಹಾಗಿರಿಯವರು’ ಎಂದು ಕರೆದುಕೊಳ್ಳುತ್ತಾರೆ. ನ್ಯೂಯಾರ್ಕ್ ಸಂಸ್ಥಾನದ ಪಶ್ಚಿಮಭಾಗ, ಅದರಲ್ಲಿಯೂ ಜೆನಿಸೀ ನದಿಯ ಕಣಿವೆ, ಇವರ ತಾಯ್ನೆಲ. ಒಕ್ಕೂಟವನ್ನು ಒಂದೇ ನೀಳಮನೆಯೆಂದು ಭಾವಿಸಿ, ಅದರ ಪಡುವಣ ಬಾಗಿಲ ಕಾವಲನ್ನು ಇವರಿಗೆ ವಹಿಸಿದ್ದರು.

ಗುಣವನ್ನು ಮೊದಲು ಹೇಳುವುದು ನ್ಯಾಯ. ಸಭೆ, ಉತ್ಸವ, ಗೋತ್ರವ್ಯವಸ್ಥೆ, ಉಡಿಗೆತೊಡಿಗೆ, ಕಾಲುದಾರಿ, ಸ್ಥಳನಾಮ ಇವುಗಳನ್ನೆಲ್ಲ ಗ್ರಂಥಕರ್ತರು ಶ್ರದ್ಧೆಯಿಂದ ಸಂಗ್ರಹಿಸಿರುವರು. ಆದರೆ ಈ ಸಾಮಗ್ರಿಯು ಅವರಿಗೆ ದೊರೆತದ್ದು ಹೇಗೆ? 1844ರಲ್ಲಿ ಆಲ್ಬನಿಯ ಒಂದು ಪುಸ್ತಕದಂಗಡಿಯಲ್ಲಿ ಪರಿಚಿತನಾದ ಈಲೈ ಪಾರ್ಕರ್ ಎಂಬ ಸೆನೆಕಾ ತರುಣನ ಸಹಾಯದಿಂದ. ಇದು ಇಬ್ಬರ ಶೋಧನೆಯ ಫಲವೆಂದು ಅರ್ಪಣಪತ್ರದಲ್ಲಿ ಮಾರ್ಗನ್ನರೇ ಒಪ್ಪಿರುವರು. ಮುಖಪುಟದಲ್ಲಿ ಮಾತ್ರ ಕರ್ತೃವಿನ ಹೆಸರು ಒಂದೇ!

ಇನ್ನೊಂದು ದೋಷವು ಇದಕ್ಕಿಂತ ಗುರುತರವಾದುದು. ಗೋತ್ರವೂ ನಾಯಕಪದವಿಯೂ ತಾಯಿಯ ಕಡೆಯಿಂದ ಇಳಿದುಬರುವುದೆಂದು ಸ್ವತಃ ನಿರೂಪಿಸಿದವರೇ, ಈ ಜನರಲ್ಲಿ ಹೆಣ್ಣು ಗಂಡಿನ ಸೇವಕಿಯೆಂದೂ ಬರೆಯುತ್ತಾರೆ. ನಾಯಕನನ್ನು ಆರಿಸುವವರೂ, ತಪ್ಪಿ ನಡೆದರೆ ಇಳಿಸುವವರೂ ಗೋತ್ರದ ಹಿರಿಯ ತಾಯಂದಿರು. ಪೂರ್ವಾಪರವಿರೋಧಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಗ್ರಂಥದ ಉದ್ದಕ್ಕೂ ಹರಿದಿರುವುದು ಕರುಣರಸ. ಅಳಿದುಹೋಗುತ್ತಿರುವ ಜನಾಂಗಕ್ಕೆ ಚರಮಗೀತೆಯ ಧಾಟಿ. 1779ರಲ್ಲಿ ಸಲಿವನ್ನನ ಸೈನ್ಯವು ಊರುಗಳನ್ನೂ ಜೋಳದ ಹೊಲಗಳನ್ನೂ ಸುಟ್ಟಿತೆಂಬುದು ದಿಟ. 1838ರ ಒಪ್ಪಂದವು ಉಳಿದ ನೆಲವನ್ನೂ ಕಸಿಯಲು ಹವಣಿಸಿತೆಂಬುದೂ ದಿಟ. ಆದರೆ ಬದುಕಿರುವವರಿಗೆ ಶ್ರಾದ್ಧವನ್ನು ಮಾಡುವುದು ಯಾವ ಔಚಿತ್ಯ? ಗ್ರಂಥವು ಅಚ್ಚಾದ ವರುಷವೇ ಪಾರ್ಕರ್ ಪಡುವಣ ಬಾಗಿಲ ಕಾವಲಿನ ನಾಯಕಪದವಿಯನ್ನು ಹೊಂದಿದನು. ಅವನ ಟೊನವಾಂಡದ ಜನರು ಪಟ್ಟುಬಿಡದೆ ಹೋರಾಡಿ, 1857ರ ಒಪ್ಪಂದದ ಮೂಲಕ 7,500 ಎಕರೆಗೆ ಮಿಕ್ಕ ತಮ್ಮ ಭೂಮಿಯನ್ನು ತಾವೇ ಹಣಕೊಟ್ಟು ಮರಳಿ ಪಡೆದರು. ತಮ್ಮ ಸ್ವತ್ತಿಗೆ ತಾವೇ ಬೆಲೆ ತೆರಬೇಕಾಯಿತೆಂಬುದು ಬೇರೆ ಮಾತು.

1794ರ ಕೆನನ್‌ಡೇಗ್ವಾ ಒಪ್ಪಂದದಲ್ಲಿ ಅಮೇರಿಕದ ಸರಕಾರವು ಸೆನೆಕಾ ನೆಲಕ್ಕೆ ಅಭಯವನ್ನಿತ್ತಿತು. ಅದನ್ನು ಮೀರಿ 1965ರಲ್ಲಿ ಪೂರೈಸಿದ ಕಿಂಜುವಾ ಅಣೆಕಟ್ಟು ಅಲಿಗೆನಿ ಪ್ರಾಂತದ ಸುಮಾರು 10,000 ಎಕರೆಗಳನ್ನು ನುಂಗಿತು. ಮುಳುಗುವ ಗೋರಿಗಳನ್ನು ತೋಡಿ ಎಲುಬುಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಅಳಿದವರೆಂದು ಬರೆಯಲ್ಪಟ್ಟವರ ಮಕ್ಕಳೇ ಆಗ ವಾಷಿಂಗ್ಟನ್ನಿಗೆ ಹೋಗಿ ವಾದಿಸಿದವರು. ಗ್ರಂಥವನ್ನು ಓದಲೆಳಸುವವರು ಅದರಲ್ಲಿರುವ ಭೂಪಟವನ್ನು ಮೊದಲು ಬಿಡಿಸಿ ನೋಡಲಿ; ಆ ಜನರ ಮಾತಿನ ಊರುಹೆಸರುಗಳು ಅಲ್ಲಿವೆ.